‘ಸೂಪರ್’ ಅನ್ನೋದು ಬೇಡ, ನಿಮ್ಮ ಕಣ್ಣು ಎಲ್ಲಿ ನಿಂತಿತು ಹೇಳಿ

ಎರಡು ವರ್ಷದ ಹಿಂದೆ ಗೆಳತಿಯೊಬ್ಬರಿಗೆ ಒಂದು ಮಾತು ಹೇಳಿದ್ದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಾವು ಏಳು ಜನ ಚಿತ್ರ ಬರೆಯುವ ಹವ್ಯಾಸದವರು. ಯಾರಿಗೂ ಇದು ಹೊಟ್ಟೆಪಾಡಲ್ಲ. ಕೆಲಸ, ಮನೆ ಎಲ್ಲ ಮುಗಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಬ್ರಷ್ ಹಿಡಿಯುತ್ತೇವೆ. ವಾರಕ್ಕೊಮ್ಮೆ ಬರೆದದ್ದನ್ನು ಒಬ್ಬರಿಗೊಬ್ಬರು ತೋರಿಸುತ್ತೇವೆ. ಈ ಗೆಳತಿ ಪೆನ್ಸಿಲ್ಲಿನಲ್ಲಿ ಮುಖ ಬರೆದರೆ ಹುಬ್ಬಿನ ಕೂದಲು ಎಣಿಸಬಹುದು, ಅಷ್ಟು ಅಚ್ಚುಕಟ್ಟು. ಒಂದು ವಾರ ಅವರು ಪೆನ್ಸಿಲ್ ಬಿಟ್ಟು ಜಲವರ್ಣದಲ್ಲಿ ಒಂದು ಮುಖ ಬರೆದು ತಂದರು. ಗೆರೆಯೇ ಇಲ್ಲ, ಬರೀ ಬಣ್ಣ. ಕೆನ್ನೆಯ ಕೆಂಪು ಕುತ್ತಿಗೆಗೆ ಹರಿದಿತ್ತು. ಒಂದು ಕಣ್ಣು ಅರ್ಧ ನೆರಳಿನಲ್ಲಿ ಕರಗಿತ್ತು. ನೋಡಿದ ಕೂಡಲೇ ನಾನು, “ನಿಮ್ಮ ಪೆನ್ಸಿಲ್ ಕೆಲಸವೇ ಚೆನ್ನಾಗಿತ್ತು” ಅಂದುಬಿಟ್ಟೆ.

ಅವರು ನಕ್ಕು ಹಾಳೆಯನ್ನು ಫೈಲಿಗೆ ಸೇರಿಸಿದರು. ಆಮೇಲೆ ನಾಲ್ಕು ತಿಂಗಳು ತಂದದ್ದೆಲ್ಲ ಪೆನ್ಸಿಲ್ ಚಿತ್ರಗಳೇ. ನಾವೂ ‘ಸೂಪರ್’, ‘ಅದ್ಭುತ’ ಅನ್ನುತ್ತಾ ಹೋದೆವು.

ಒಂದು ದಿನ ಹಳೆಯ ಚಿತ್ರ ಹುಡುಕುವಾಗ ಅದೇ ಫೈಲಿನಿಂದ ಒಂದು ಕಟ್ಟು ಹಾಳೆ ಹೊರಗೆ ಬಿತ್ತು. ಎಲ್ಲದರಲ್ಲೂ ಅದೇ ಮುಖ. ಹಿಂಬದಿಯಲ್ಲಿ ತಾರೀಖು. ಹನ್ನೊಂದು ಹಾಳೆ. ನಾನು ನೋಡಿದ್ದು ಹನ್ನೆರಡನೆಯದು.

ಅವನ್ನು ನೆಲದ ಮೇಲೆ ಸಾಲಾಗಿ ಹರಡಿಕೊಂಡು ಕೂತೆ. ಮೂರನೆಯದರಲ್ಲಿ ಕಿವಿ ಕೆಸರಾಗಿತ್ತು. ಒಣಗುವ ಮೊದಲೇ ಮತ್ತೆ ಮತ್ತೆ ಬ್ರಷ್ ಆಡಿಸಿದ್ದರಿಂದ ಬಣ್ಣ ಸತ್ತುಹೋಗಿತ್ತು. ಐದನೆಯದರಲ್ಲಿ ಕೆನ್ನೆಯ ಮೇಲೆ ಹೂಕೋಸಿನ ಅಂಚಿನಂಥ ಕಲೆ. ಅರ್ಧ ಒಣಗಿದ ಬಣ್ಣದ ಮೇಲೆ ನೀರು ಜಾಸ್ತಿ ಇರುವ ಬ್ರಷ್ ತಾಗಿದರೆ ಆ ನೀರು ಬಣ್ಣವನ್ನು ಹೊರಗೆ ತಳ್ಳಿ ಅಂಚು ಕಟ್ಟುತ್ತದೆ. ಒಂಬತ್ತನೆಯದರಲ್ಲಿ ಮೂಗಿನ ಮೇಲೆ ಭತ್ತದ ಕಾಳಿನಷ್ಟು ಜಾಗ ಬಿಳಿಯಾಗಿ ಉಳಿದಿತ್ತು. ಅದೊಂದರಿಂದಲೇ ಮುಖಕ್ಕೆ ಬೆಳಕು ಬಂದಿತ್ತು. ಪೆನ್ಸಿಲ್ಲಿನಲ್ಲಾದರೆ ಕೊನೆಗೆ ರಬ್ಬರ್ ಹಿಡಿದು ಬೆಳಕು ತೆಗೆಯಬಹುದು. ಜಲವರ್ಣದಲ್ಲಿ ಬೆಳಕು ಅಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದ. ಎಲ್ಲಿ ಹಚ್ಚಬಾರದು ಅಂತ ಶುರುವಿನಲ್ಲೇ ಗೊತ್ತಿರಬೇಕು. ವರ್ಷಗಟ್ಟಲೆ ಕೈಗೆ ಅಂಟಿದ ಅಭ್ಯಾಸವನ್ನು ತಲೆಕೆಳಗು ಮಾಡುವ ಕೆಲಸ ಅದು.

ಇನ್ನು ಕೆನ್ನೆಯಿಂದ ಕುತ್ತಿಗೆಗೆ ಹರಿದಿದ್ದ ಕೆಂಪು. ನಾನು ಅದನ್ನು ಕೈ ತಪ್ಪಿದ್ದು ಅಂದುಕೊಂಡಿದ್ದೆ. ಹತ್ತು, ಹನ್ನೊಂದು ನೋಡಿದರೆ ಅವರು ಬೇಕಂತಲೇ ಅದಕ್ಕೆ ಒದ್ದಾಡಿದ್ದು ಗೊತ್ತಾಗುತ್ತದೆ. ಎರಡೂ ಜಾಗ ಒಂದೇ ಹದದಲ್ಲಿ ಒದ್ದೆ ಇದ್ದರೆ ಮಾತ್ರ ಬಣ್ಣ ಹಾಗೆ ಮೆಲ್ಲಗೆ ಹರಿಯುತ್ತದೆ. ಹನ್ನೆರಡನೆಯ ಸಲ ಅದು ಕೈಗೂಡಿತ್ತು. ಅವರು ತೋರಿಸಲು ತಂದದ್ದೇ ಅದನ್ನು. ನಾನು ಕಂಡದ್ದು ಅಲ್ಲಿ ಇಲ್ಲದ ಪೆನ್ಸಿಲ್ ಗೆರೆಯನ್ನು.

ಅವತ್ತಿನಿಂದ ನನಗೆ ಒಂದು ವಿಷಯದಲ್ಲಿ ಅನುಮಾನವೇ ಇಲ್ಲ. ಹೊಸ ಶೈಲಿಗೆ ಕೈ ಹಾಕಿದವರ ಚಿತ್ರವನ್ನು ಅವರದೇ ಹಳೆಯ ಚಿತ್ರದ ಪಕ್ಕ ಇಟ್ಟು ತೂಗುವುದು ಅನ್ಯಾಯ. ಹಳೆಯದಕ್ಕೆ ಹತ್ತು ವರ್ಷದ ಕೈ ಇದೆ, ಹೊಸದಕ್ಕೆ ಹತ್ತು ವಾರವೂ ಆಗಿರುವುದಿಲ್ಲ. ಆದರೂ ನಾವು ಆ ಮಾತನ್ನು ಎಷ್ಟು ಸಲೀಸಾಗಿ ಆಡುತ್ತೇವೆ ಅಲ್ವಾ? ಅದೂ ಮೆಚ್ಚುಗೆ ಅನ್ನೋ ಹಾಗೆ.

ದೊಡ್ಡವರ ನಡುವೆಯೂ ಹೀಗಾಗಿದೆ. 1885ರಲ್ಲಿ ಡಚ್ ಚಿತ್ರಕಾರ ವ್ಯಾನ್ ಗೋ ತನ್ನ ‘ಆಲೂಗಡ್ಡೆ ತಿನ್ನುವವರು’ ಚಿತ್ರದ ಕಲ್ಲಚ್ಚಿನ ಪ್ರತಿಯೊಂದನ್ನು ಗೆಳೆಯ ವಾನ್ ರಾಪ್ಪಾರ್ಡ್‌ಗೆ ಕಳಿಸಿದ. ರಾಪ್ಪಾರ್ಡ್ ಶಾಸ್ತ್ರೀಯವಾಗಿ ಕಲಿತ ಚಿತ್ರಕಾರ, ಐದು ವರ್ಷದ ಸ್ನೇಹಿತ. ತೋಳು ಗಿಡ್ಡವಾಗಿದೆ, ಮೈಕಟ್ಟು ಸರಿ ಇಲ್ಲ, ಕೆಲಸವನ್ನು ಹೀಗಾ ಹಗುರವಾಗಿ ತಗೊಳ್ಳೋದು ಅಂತ ಕಟುವಾಗಿ ಬರೆದ. ವ್ಯಾನ್ ಗೋ ಆ ಪತ್ರವನ್ನೇ ವಾಪಸ್ ಕಳಿಸಿದ. ಅವರ ಸ್ನೇಹ ಮತ್ತೆ ಮೊದಲಿನಂತೆ ಆಗಲೇ ಇಲ್ಲ.

ರಾಪ್ಪಾರ್ಡ್ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಅಳತೆ ಹಿಡಿದರೆ ಅಲ್ಲಿ ತಪ್ಪುಗಳಿವೆ. ಆದರೆ ವ್ಯಾನ್ ಗೋಗೆ ಬೇಕಾಗಿದ್ದು ಬೇರೆ. ಮಣ್ಣು ಅಗೆದ ಕೈಗಳೇ ಈಗ ತಟ್ಟೆಗೆ ಕೈ ಹಾಕಿವೆ ಅನ್ನೋದು ಕಾಣಬೇಕು ಅಂತ ತಮ್ಮನಿಗೆ ಬರೆದಿದ್ದ. ಆ ಕೈಗಳು ಹಾಗೆ ಕಾಣುತ್ತವಾ ಇಲ್ಲವಾ ಅಂತ ಗೆಳೆಯ ಹೇಳಿದ್ದರೆ, ಬೈಗುಳವಾದರೂ ಅದು ಅವನ ಕೆಲಸಕ್ಕೆ ಸಂಬಂಧಪಟ್ಟ ಬೈಗುಳ ಆಗುತ್ತಿತ್ತು. ಎರಡು ವರ್ಷದ ನಂತರ, 1887ರಲ್ಲಿ, ಅದೇ ಮನುಷ್ಯ ಪ್ಯಾರಿಸ್‌ನಲ್ಲಿ ಕೂತು ಜಪಾನಿನ ಚಿತ್ರಕಾರ ಹಿರೋಶಿಗೆಯ ಅಚ್ಚುಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡುತ್ತಿದ್ದ. ಮಣ್ಣಿನ ಕಂದು ಹೋಗಿ ಹಳದಿ, ಹಸಿರು, ಕೆಂಪು ಬಂದಿತ್ತು. ಆಗ ಯಾರಾದರೂ ‘ನಿನ್ನ ಆ ಕಂದು ಚಿತ್ರಗಳೇ ಚೆನ್ನಾಗಿದ್ದವು’ ಅಂದು, ಅವನೂ ಅದನ್ನು ಕೇಳಿಬಿಟ್ಟಿದ್ದರೆ? 1888ರ ಸೂರ್ಯಕಾಂತಿಗಳನ್ನು ನೋಡಿದಾಗಲೆಲ್ಲ ನನಗೆ ಈ ಯೋಚನೆ ಬರುತ್ತದೆ.

ಹಾಗಂತ ಸುಮ್ನೆ ಹೊಗಳಿ ಅಂತ ಹೇಳುತ್ತಿಲ್ಲ. ‘ಸೂಪರ್’ ಕೇಳಿ ಕೇಳಿಯೇ ನಮ್ಮ ಗೆಳತಿ ನಾಲ್ಕು ತಿಂಗಳು ನಿಂತಲ್ಲೇ ನಿಂತರು.

ಹಾಗಾದರೆ ಏನು ಹೇಳಬೇಕು? ನನ್ನ ಮಟ್ಟಿಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು, ನನ್ನ ಕಣ್ಣು ಏನು ಮಾಡಿತು ಅನ್ನೋದನ್ನು ಹಾಗೇ ಹೇಳುವುದು. “ಮೊದಲು ಕಣ್ಣು ಕಿವಿಗೆ ಹೋಯಿತು, ಆಮೇಲೆ ಮುಖಕ್ಕೆ ಬಂತು.” ಇಷ್ಟೇ. ಚೆನ್ನಾಗಿದೆ, ಇಲ್ಲ ಅನ್ನೋ ತೀರ್ಪು ಇದರಲ್ಲಿಲ್ಲ. ಬರೆದವರು ತಿರುಗಿ ನೋಡಿದರೆ ಕಾರಣ ಅವರಿಗೇ ಕಾಣುತ್ತದೆ: ಕಿವಿಯ ಹಿಂದೆ ಕೂದಲಿನ ಕಡುಗಪ್ಪು, ಪಕ್ಕದಲ್ಲೇ ಕಾಗದದ ಬಿಳಿ. ಕಪ್ಪು ಬಿಳುಪು ಜೋರಾಗಿ ಎದುರಾದ ಕಡೆಗೇ ಕಣ್ಣು ಓಡುತ್ತದೆ. ಕಿವಿಗೇ ಹೋಗಲಿ ಅನ್ನೋದು ಅವರ ಇಷ್ಟವಾದರೆ ಹಾಗೇ ಇರಲಿ. ಇಲ್ಲದಿದ್ದರೆ ಮುಂದಿನ ಹಾಳೆಯಲ್ಲಿ ಆ ಅಂಚನ್ನು ಮೆದು ಮಾಡುತ್ತಾರೆ. ಹೀಗೆ ಹೇಳೋದಕ್ಕೆ ಚಿತ್ರಕಲೆ ಕಲಿತಿರಬೇಕು ಅಂತಲೂ ಇಲ್ಲ, ನಿಧಾನವಾಗಿ ನೋಡುವ ಕಣ್ಣಿದ್ದರೆ ಸಾಕು.

ಕೇಳುವವರೂ ಸ್ವಲ್ಪ ಸರಿಯಾಗಿ ಕೇಳಬೇಕು. ‘ಹೇಗಿದೆ?’ ಅಂದರೆ ಎಲ್ಲರೂ ‘ಚೆನ್ನಾಗಿದೆ’ ಅಂತಲೇ ಹೇಳುತ್ತಾರೆ, ಪಾಪ, ಇನ್ನೇನು ಹೇಳಿಯಾರು? ‘ಈ ಸಲ ಗೆರೆ ಇಲ್ಲದೆ ಬರೆಯೋಕೆ ನೋಡಿದೆ, ಗಲ್ಲ ಕುತ್ತಿಗೆಯಿಂದ ಬೇರೆಯಾಗಿ ಕಾಣುತ್ತಾ?’ ಅಂತ ಕೇಳಿ ನೋಡಿ. ಬರುವ ಉತ್ತರವೇ ಬೇರೆ. ಬೇರೆಯವರ ಶೈಲಿ ನೋಡಿ ಬರೆದದ್ದಾದರೆ ಅದನ್ನೂ ಮೊದಲೇ ಹೇಳಿಬಿಡಿ. ನಕಲು ಮಾಡಿ ಕಲಿಯೋದರಲ್ಲಿ ತಪ್ಪೇನಿಲ್ಲ, ಮುಚ್ಚಿಡೋದು ತಪ್ಪು. ತೋರಿಸುವ ಮೊದಲು ಒಮ್ಮೆ ಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟ ಸಲಹೆ ಇದು. ಎಡ ಬಲ ಅದಲುಬದಲಾದರೆ ನಮ್ಮ ಚಿತ್ರವೇ ಬೇರೆಯವರದ್ದರಂತೆ ಕಂಡು, ಸೊಟ್ಟ ಎಲ್ಲಿದೆ ಅಂತ ತಟ್ಟನೆ ತಿಳಿಯುತ್ತದೆ.

ಗೆಳತಿಗೆ ನಾನು ಕ್ಷಮೆ ಕೇಳಿದೆ. ಹನ್ನೆರಡೂ ಹಾಳೆ ಮುಂದಿಟ್ಟುಕೊಂಡು ಕೆಂಪು ಹರಿದ ಜಾಗದ ಬಗ್ಗೆ ಒಂದು ಗಂಟೆ ಮಾತಾಡಿದೆವು. ಹಾಳೆಯ ಮೇಲಿನ ನೀರಿನ ಹೊಳಪು ಆರಿ, ತಂಪು ಇನ್ನೂ ಇರುವ ಆ ಹೊತ್ತಿಗೆ ಕಾಯುತ್ತೇನೆ ಅಂದರು. ಬೆರಳಿನ ಹಿಂಭಾಗ ತಾಗಿಸಿ ನೋಡುತ್ತಾರಂತೆ. ಈಗ ಮತ್ತೆ ಜಲವರ್ಣ ಶುರು ಮಾಡಿದ್ದಾರೆ, ಮೊನ್ನೆ ಇಪ್ಪತ್ತಾರನೆಯ ಮುಖ ತಂದಿದ್ದರು.

ನಾನೂ ಇಷ್ಟು ವರ್ಷ ಹಿಡಿದಿದ್ದ ಇಂಕ್ ಪೆನ್ ಪಕ್ಕಕ್ಕಿಟ್ಟು ಗೌಷ್ ಬಣ್ಣ ಹಿಡಿದಿದ್ದೇನೆ; ಇದೂ ನೀರಿನಲ್ಲಿ ಬೆರೆಸುವ ಬಣ್ಣವೇ, ಆದರೆ ದಟ್ಟ, ಅಡಿಯ ಕಾಗದ ಕಾಣುವುದಿಲ್ಲ. ಒಣಗಿದ ಮೇಲೆ ಗಾಢ ಬಣ್ಣ ತಿಳಿಯಾಗುತ್ತದೆ, ತಿಳಿ ಬಣ್ಣ ಗಾಢವಾಗುತ್ತದೆ, ಇನ್ನೂ ಅಂದಾಜು ಸಿಕ್ಕಿಲ್ಲ. ಕಿಟಕಿ ಪಕ್ಕದ ಮರದ ಕುರ್ಚಿ, ಇದು ನಾಲ್ಕನೆಯ ಸಲ. ಚಿತ್ರ ಕೆಳಗೆ ಹಾಕಿದ್ದೇನೆ. ನೆರಳಿಗೆ ಕಪ್ಪು ಬಳಸದೆ ನೀಲಿ, ಕಂದು ಬೆರೆಸಿದ್ದೇನೆ. ನನ್ನ ಪ್ರಶ್ನೆ ಒಂದೇ: ಕುರ್ಚಿಯ ಕಾಲು ನಾಲ್ಕೂ ನೆಲದ ಮೇಲೆ ಕೂತಿವೆಯಾ, ಯಾವುದಾದರೂ ಒಂದು ತೇಲುತ್ತಿದೆಯಾ?