ಕಳ್ಳಿ ಕಡಿದರೆ ಕುಡಿಯುವ ನೀರು ಸಿಗಲ್ಲ

ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ರಾಜಸ್ಥಾನ ಪ್ರವಾಸಕ್ಕೆ ಹೋಗುವವರಿಗೆ ಅಂತ ಒಂದು ಸಲಹೆ ಓಡಾಡುತ್ತಿದೆ. ಮರುಭೂಮಿಯಲ್ಲಿ ದಾರಿ ತಪ್ಪಿದರೆ ಕಳ್ಳಿ ಕಡಿಯಿರಿ, ಒಳಗೆ ಶುದ್ಧ ನೀರಿರುತ್ತೆ. ಒಂಟೆಯ ಡುಬ್ಬದಲ್ಲೂ ನೀರೇ ಇರೋದು ಅಂತ. ಎರಡೂ ತಪ್ಪು. ಮೊದಲನೆಯದಂತೂ ಅಪಾಯ.

ಥಾರ್‌ನ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಥೋರ್, ನಮ್ಮಲ್ಲಿ ಬೇಲಿಗೆ ಹಾಕುವ ಹಾಲುಗಳ್ಳಿಯ ಬಳಗದ್ದು. ಕಡಿದ ಕೂಡಲೇ ಬಿಳಿ ಹಾಲು ತೊಟ್ಟಿಕ್ಕುತ್ತೆ, ಬೆರಳಿಗೆ ಅಂಟಂಟಾಗಿ ಹಿಡಿಯುತ್ತೆ. ಚರ್ಮಕ್ಕೆ ತಾಗಿದರೆ ಉರಿ, ಬೊಬ್ಬೆ. ಕಣ್ಣಿಗೆ ಬಿದ್ದರೆ ದೃಷ್ಟಿ ಮಂಜಾಗಬಹುದು. ಇದನ್ನಾ ಕುಡಿಯೋದು?

ಸಿನಿಮಾಗಳಲ್ಲಿ ಕಾಣುವ ಅಮೆರಿಕದ ಸಾಗುವಾರೊ ಕಳ್ಳಿಯಲ್ಲಿ ಈ ಹಾಲಿಲ್ಲ, ನಿಜ. ಆದರೆ ಒಳಗಿರುವುದು ಕಹಿ ತಿರುಳು. ಅದನ್ನು ಹಿಂಡಿ ಕುಡಿದರೆ ವಾಂತಿ, ಭೇದಿ ಆಗಿ ಮೈಯಲ್ಲಿದ್ದ ನೀರೂ ಹೋಗಬಹುದು. ಡ್ರ್ಯಾಗನ್ ಫ್ರೂಟ್ ಕೂಡ ಕಳ್ಳಿಯದ್ದೇ ಅಲ್ವಾ ಅಂತ ಕೇಳಬೇಡಿ, ಹಣ್ಣಿನ ಮಾತೇ ಬೇರೆ.

ಇನ್ನು ಒಂಟೆ. ಡುಬ್ಬದಲ್ಲಿರುವುದು ಕೊಬ್ಬು. ಮೇವಿಲ್ಲದಾಗ ಅದು ಕರಗಿ ಡುಬ್ಬ ಜೋಲುತ್ತೆ. ನೀರು ಉಳಿಸುವ ಉಪಾಯ ಬೇರೆ: ನೀರು ಸಿಗದ ದಿನಗಳಲ್ಲಿ ಮೈಯ ಬಿಸಿ ಬೆಳಗಿನ ಜಾವ 34 ಡಿಗ್ರಿಗೆ ಇಳಿಯುತ್ತೆ, ಮಧ್ಯಾಹ್ನ 40ರವರೆಗೂ ಏರುತ್ತೆ. ಹಾಗಾಗಿ ಜಾಸ್ತಿ ಬೆವರಬೇಕಿಲ್ಲ.

ಜೈಸಲ್ಮೇರ್‌ಗೆ ವರ್ಷವಿಡೀ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ಭಾಗಮಂಡಲದಲ್ಲಿ ಜೋರು ಮಳೆಗಾಲದ ಒಂದೆರಡು ದಿನಕ್ಕೇ ಅಷ್ಟಾಗುವುದುಂಟು. ಹೋಗುವವರು ಸುಮ್ನೆ ಕಳ್ಳಿ ನಂಬಬೇಡಿ, ಬಾಟಲಿಗಳನ್ನು ತುಂಬಿಸಿಕೊಂಡೇ ಹೊರಡಿ.