ಮಧ್ಯಾಹ್ನ ಸಾಯುವ ಗಿಡ

ನಮ್ಮ ಟೊಮೆಟೊ ಗಿಡ ದಿನಾ ಮಧ್ಯಾಹ್ನ ಎರಡಕ್ಕೆ ಸಾಯುತ್ತಿತ್ತು. ಸಂಜೆ ಆರಕ್ಕೆ ಎದ್ದು ಕೂರುತ್ತಿತ್ತು. ಈ ನಾಟಕ ನನಗೆ ಅರ್ಥವಾಗುವಷ್ಟರಲ್ಲಿ ಎರಡು ಗಿಡ ನಿಜವಾಗಿಯೇ ಸತ್ತಿದ್ದವು.

ಮೊದಲ ಬೇಸಿಗೆಯಲ್ಲಿ ಎಲೆಗಳು ಜೋತು ಬಿದ್ದದ್ದು ನೋಡಿ ಕರುಳು ಚುರ್ ಎಂದಿತು. ಓಡಿಹೋಗಿ ನಲ್ಲಿ ತಿರುಗಿಸಿ ಪೈಪ್ ಹಿಡಿದೆ. ಬೆಳಗಿನಿಂದ ಬಿಸಿಲಲ್ಲಿ ಮಲಗಿದ್ದ ಪೈಪು ಅದು. ಮೊದಲು ಬಂದದ್ದು ಕುದಿಯುವಂಥ ನೀರು, ಬಿದ್ದದ್ದು ನನ್ನ ಪಾದದ ಮೇಲೆ. ನಾನು ಕುಣಿಯುವುದನ್ನು ಕಂಡು ಹೆಂಡತಿ, "ಇನ್ನೂ ಕಾಯೇ ಬಿಟ್ಟಿಲ್ಲ, ಆಗಲೇ ಇಷ್ಟು ಖುಷಿನಾ?" ಅಂದಳು.

ಆಮೇಲೆ ದಿನಾ ಎರಡು ಗಂಟೆಗೆ ಒಂದು ಬಕೆಟ್ ನೀರು. ವಾರ ಕಳೆಯುವಷ್ಟರಲ್ಲಿ ಎಲೆ ಹಳದಿಯಾಯಿತು. ಬಾಡುತ್ತಿದೆ ಅಂತ ಇನ್ನೊಂದು ಬಕೆಟ್ ಹಾಕಿದೆ. ಕಿತ್ತು ನೋಡಿದರೆ ಬೇರು ಕೊಳೆತು ವಾಸನೆ. "ಮಣ್ಣಿಗೆ ಒಂದು ಸಲ ಬೆರಳು ಹಾಕಿ ನೋಡಿದ್ರಾ?" ಎಂದು ಹೆಂಡತಿ ಕೇಳಿದಳು. ನಾನು ಎಲೆಯ ಮುಖ ನೋಡಿದ್ದೆನೇ ಹೊರತು ಮಣ್ಣನ್ನು ಮುಟ್ಟಿರಲಿಲ್ಲ. ಉರಿಬಿಸಿಲಲ್ಲಿ ಎಲೆ ಕಳೆದುಕೊಳ್ಳುವಷ್ಟು ನೀರನ್ನು ಬೇರು ಅಷ್ಟೇ ಬೇಗ ಎತ್ತಲಾರದು. ಮಣ್ಣು ತೇವವಿದ್ದರೂ ಗಿಡ ತಲೆ ಬಗ್ಗಿಸುತ್ತದೆ. ಸಂಜೆ ತಂಪಾದರೆ ಸರಿಹೋಗುತ್ತದೆ. ನೀರಲ್ಲೇ ನಿಂತ ಬೇರಿಗೆ ಮಾತ್ರ ಗಾಳಿ ಸಿಗದೆ ಕೊಳೆಯುತ್ತದೆ.

ಬುದ್ಧಿ ಬಂತು. ಸ್ವಲ್ಪ ಜಾಸ್ತಿಯೇ ಬಂತು. ಮೂರನೇ ಗಿಡಕ್ಕೆ ನೀರು ಹಾಕುವುದನ್ನೇ ಬಿಟ್ಟೆ. ಕುಂಡದ ಮಣ್ಣು ಇಟ್ಟಿಗೆಯಾಗಿ ಅಂಚಿನಿಂದ ಬಿರುಕು ಬಿಟ್ಟಿತು. ಕೊನೆಗೆ ಕನಿಕರ ಬಂದು ನೀರು ಸುರಿದರೆ, ಅದು ಬಿರುಕಿನಲ್ಲಿ ಇಳಿದು ತಳದ ತೂತಿನಿಂದ ಸುರ್ರೆಂದು ಆಚೆ ಬಂತು. ಪಾಪ, ಹೊಟ್ಟೆ ತುಂಬಾ ಕುಡಿಯಿತು ಎಂದುಕೊಂಡೆ.

ನಾಲ್ಕನೆಯದು ಬದುಕಿತು, ಹೂವನ್ನೂ ಬಿಟ್ಟಿತು. ಆದರೆ ದಿನಾ ಹೂ ಉದುರುತ್ತಿತ್ತು. ಮಗಳ ಪೇಂಟಿಂಗ್ ಬ್ರಷ್ ಕದ್ದು ದುಂಬಿಯ ಕೆಲಸವನ್ನೂ ಮಾಡಿದೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊದ ಪರಾಗವೇ ಕೆಟ್ಟಿರುತ್ತದಂತೆ. ಕೆಟ್ಟ ಪರಾಗವನ್ನು ಬ್ರಷ್‌ನಲ್ಲಿ ಎಷ್ಟು ಸವರಿದರೇನು? ಮಗಳ ಬ್ರಷ್ ಹಾಳಾಯಿತು, ಅಷ್ಟೇ.

ಮಳೆಗಾಲದ ಬಗ್ಗೆ ಬರೆಯೋಣವೆಂದರೆ, ಅದು ಬಂದ ದಿನ ನಾನು ಮನೆಯಲ್ಲಿರಲಿಲ್ಲ.

ಇಂಥ ಸುಡುವ ಹವೆಯಲ್ಲಿ ಗಿಡಕ್ಕೆ ಒಳ್ಳೆಯ ಕಾಲ ಅಂದರೆ ಚಳಿಗಾಲ. ತೊಂದರೆ ಏನೆಂದರೆ, ಕಂಬಳಿಗೂ ಅದೇ ಒಳ್ಳೆಯ ಕಾಲ. ಕೊತ್ತಂಬರಿ ಬಿತ್ತಬೇಕು ಎಂದು ದಿನಾ ಬೆಳಗ್ಗೆ ಕಂಬಳಿಯೊಳಗೇ ಯೋಜನೆ ಹಾಕಿದೆ. ಬಿತ್ತುವ ಹೊತ್ತಿಗೆ ಮತ್ತೆ ಬಿಸಿಲು ಏರಿತ್ತು. ಗೇಣುದ್ದ ಬೆಳೆಯುವ ಮೊದಲೇ ಹೂ ಬಿಟ್ಟು, ಬೀಜ ಕಟ್ಟಿ, ಕೆಲಸ ಮುಗಿಸಿಕೊಂಡಿತು. ಬಿತ್ತಿದ್ದಕ್ಕಿಂತ ಒಂದು ಹಿಡಿ ಕಡಿಮೆ ಬೀಜ ವಾಪಸ್ ಸಿಕ್ಕಿತು.

ಅಷ್ಟರಲ್ಲಿ ನಾಲ್ಕನೇ ಟೊಮೆಟೊ ಗಿಡದಲ್ಲಿ, ಚಳಿಗಾಲದ ಕೃಪೆಯಿಂದ, ಆರು ಕಾಯಿ ನಿಂತಿದ್ದವು. ಐದು ದಿನ ಪ್ರವಾಸ ಹೋಗಬೇಕಾಗಿತ್ತು. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, "ಎರಡು ದಿನಕ್ಕೊಮ್ಮೆ ಬೆಳಗ್ಗೆ ನೀರು ಹಾಕಿ, ಸಾಕು" ಎಂದೆ. ಮಧ್ಯಾಹ್ನದ ವಿಷಯ ಹೇಳಲು ಮರೆತೆ.

ವಾಪಸ್ ಬಂದಾಗ ಅವರು ಬಾಗಿಲಲ್ಲೇ ಸಿಕ್ಕಿದರು. ಮುಖದಲ್ಲಿ ಹೆಮ್ಮೆ.

"ನೀವು ಹೋದ ದಿನವೇ ಸಾಯೋ ಹಾಗಿತ್ತು ಕಣ್ರೀ! ದಿನಾ ಎರಡು ಗಂಟೆಗೆ ಬಂದು ಒಂದೊಂದು ಬಕೆಟ್ ಹಾಕಿದೀನಿ."