ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕಟ್ಟಿದವರು ಮಡಿಕೇರಿ ಕಡೆ ಬಂದಿರಲಿಲ್ಲ ಅಂತ ಕಾಣುತ್ತೆ. ಇಲ್ಲಿ ನೆಲ ನಿಜಕ್ಕೂ ಡೊಂಕು. ನಮ್ಮ ಅಂಗಳದಲ್ಲಿ ನಿಂಬೆಹಣ್ಣು ಕೈಜಾರಿದರೆ ಅದನ್ನು ಕೇಳಿಕೊಂಡು ಕೆಳಗಿನ ಮನೆಯ ಗೇಟು ತಟ್ಟಬೇಕು. ಇಂಥ ಅಂಗಳದಲ್ಲಿ, ಸೈಡ್ ಸ್ಟ್ಯಾಂಡ್ ಮೇಲೆ ಒರಗಿದ್ದ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಭಾನುವಾರ ಬೆಳಿಗ್ಗೆ ನಾನು ಇಂಜಿನ್ ಆಯಿಲ್ ನೋಡಿದೆ.

ನನ್ನದು 11 ವರ್ಷ ಹಳೆಯ 150 ಸಿಸಿ ಬೈಕು. ಇಂಜಿನ್ನಿನ ಬಲಗಡೆ ಕೆಳಗೆ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಗಾಜಿನ ಕಿಟಕಿ. ಅದರ ಪಕ್ಕ ಎರಡು ಗೀಟು. ಆಯಿಲ್ ಆ ಎರಡರ ನಡುವೆ ಇರಬೇಕು. ನನಗೆ ಕಂಡದ್ದು ಬರೀ ಗಾಜು. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ನನ್ನದೇ ಕಣ್ಣು ಕಂಡಿತು.

ಎದೆ ಧಸಕ್ ಅಂತು. ಆಯಿಲ್ ಬದಲಾಯಿಸಿ ತಿಂಗಳೂ ಆಗಿಲ್ಲ. ತಕ್ಷಣ ಅಂಗಡಿಗೆ ಹೋಗಿ ಡಬ್ಬಿ ತಂದು 200 ಮಿಲಿ ಸುರಿದೆ. ಕಿಟಕಿ ಖಾಲಿ. ಮುಂದಿನ ಭಾನುವಾರ ಇನ್ನೊಂದು 200. ಆಗ ತಳದಲ್ಲಿ ಕಾಡಿಗೆ ತೀಡಿದ ಹಾಗೆ ಒಂದು ಗೆರೆ ಕಂಡಿತು, ಅಷ್ಟೇ.

“ಇದು ಕುಡಿಯೋಕೆ ಶುರು ಮಾಡಿದೆ” ಅಂದೆ ಹೆಂಡತಿಗೆ.

“ಯಾರು?” ಅಂತ ಅವಳು ಗಾಬರಿಯಿಂದ ಅಡುಗೆಮನೆಯಿಂದ ಹೊರಗೆ ಬಂದಳು.

ಮೈಸೂರಿನಲ್ಲಿರುವ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಯೆಜ್ಡಿ ಕಾಲದವರು. ಆ ಬೈಕು ತಯಾರಾಗುತ್ತಿದ್ದದ್ದೇ ಅವರ ಊರಿನಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1996ರಲ್ಲಿ ಅದು ಬಾಗಿಲು ಹಾಕಿದ ಮೇಲೆ ಬಂದದ್ದನ್ನೆಲ್ಲ ಅಪ್ಪ ಬೈಕು ಅಂತ ಒಪ್ಪಿಲ್ಲ. ಆಗಿನ ಯೆಜ್ಡಿ ಟೂ ಸ್ಟ್ರೋಕ್ ಬೈಕು. ಪೆಟ್ರೋಲ್ ಹಾಕಿಸಿದಾಗೆಲ್ಲ ಟ್ಯಾಂಕಿಗೇ ಆಯಿಲ್ ಸುರಿಯಬೇಕು. ಬಂಕಿನ ಹುಡುಗ ಅದನ್ನು ಪೆಗ್ ಅಳೆದ ಹಾಗೆ ಅಳೆದು ಹಾಕುತ್ತಿದ್ದ. ಪೆಟ್ರೋಲಿನ ಜೊತೆ ಆಯಿಲ್ಲೂ ಸುಟ್ಟು, ಜೋಡಿ ಸೈಲೆನ್ಸರಿನಿಂದ ಹೊಗೆಯಾಗಿ ಹೋಗಬೇಕು. ಅದೇ ಅದರ ಧರ್ಮ. “ನಮ್ಮ ಗಾಡಿ ಎಲ್ಲರೆದುರಿಗೇ ಕುಡೀತಿತ್ತು ಕಣೋ. ನಿಂದು ಕದ್ದು ಕುಡಿಯುತ್ತೆ” ಅಂದರು ಅಪ್ಪ. ನನ್ನದು ಫೋರ್ ಸ್ಟ್ರೋಕ್, ಆಯಿಲ್ ಸುಡದೆ ಇಂಜಿನ್ನಿನೊಳಗೇ ಉಳಿಯಬೇಕು. ಅದರ ಮೇಲೆ ಅವರಿಗೆ ಮೊದಲಿನಿಂದಲೂ ಅನುಮಾನ.

ಮೂರನೇ ವಾರ ಆಫೀಸಿನಿಂದ ಬರುವಾಗ ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದೆ. ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಕಾಣಲಿಲ್ಲ. ಮಂಜು ಅಂದುಕೊಂಡೆ. ನಮ್ಮೂರಲ್ಲಿ ಅದೇನು ದೊಡ್ಡ ವಿಷಯ ಅಲ್ಲ. ಆದರೆ ಈ ಮಂಜು ನೀಲಿ ಇತ್ತು. ವಾಸನೆಯೂ ಇತ್ತು.

ಮೆಕ್ಯಾನಿಕ್ ಏರ್ ಫಿಲ್ಟರ್ ಡಬ್ಬ ಬಿಚ್ಚಿದ. ಒಳಗಿದ್ದ ಫಿಲ್ಟರು ಎಣ್ಣೆ ಕುಡಿದ ಪೂರಿಯ ಹಾಗೆ ತೊಟ್ಟಿಕ್ಕುತ್ತಿತ್ತು.

“ಸಾರ್, ಆಯಿಲ್ ಏನಾದ್ರೂ ಹಾಕಿದ್ರಾ?”

“ಸ್ವಲ್ಪ.”

ಅವನು ಮಾತಾಡಲಿಲ್ಲ. ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಇಂಜಿನ್ನಿನಲ್ಲಿದ್ದದ್ದನ್ನೆಲ್ಲ ಅಳತೆ ಜಗ್ಗಿಗೆ ಇಳಿಸಿದ. 1 ಲೀಟರ್ ಹಿಡಿಯುವ ಇಂಜಿನ್ನಿನಿಂದ 1.3 ಲೀಟರ್ ಬಂತು. ಉಳಿದದ್ದು ಫಿಲ್ಟರಿಗೂ ಆಕಾಶಕ್ಕೂ ಹೋಗಿತ್ತು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಗಿರಾಕಿ ಜಗ್ಗನ್ನೂ ನನ್ನನ್ನೂ ಒಮ್ಮೊಮ್ಮೆ ನೋಡಿದ. ಇದು ನನಗೆ ಬೇಕಿರಲಿಲ್ಲ.

ಮೆಕ್ಯಾನಿಕ್ ತಾನು ಕುಡಿಯುತ್ತಿದ್ದ ಟೀ ಲೋಟ ಎತ್ತಿ ಎಡಕ್ಕೆ ವಾಲಿಸಿದ. “ಬಲಗಡೆಯಿಂದ ನೋಡಿ. ಟೀ ಇದೆಯಾ?” ಇರಲಿಲ್ಲ. “ಈಗ ಎಡಗಡೆಯಿಂದ.” ಚೆಲ್ಲುವಷ್ಟಿತ್ತು. ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕು ಎಡಕ್ಕೆ ವಾಲುತ್ತದೆ, ಆಯಿಲ್ಲೂ ಅತ್ತಲೇ ಹೋಗುತ್ತದೆ. ಕಿಟಕಿ ಇರುವುದು ಬಲಕ್ಕೆ. ನಮ್ಮ ಅಂಗಳದ ಇಳಿಜಾರು ಬೇರೆ ಎಡಕ್ಕೇ. ಇಷ್ಟು ಸರಳ ವಿಷಯ ನನಗೆ ತಿಳಿಯಲು ಎರಡು ಡಬ್ಬಿ ಆಯಿಲ್ ಮತ್ತು ಒಂದು ಫಿಲ್ಟರ್ ಬೇಕಾಯಿತು.

ಕಮ್ಮಿಯಾದರೆ ಇಂಜಿನ್ ಹಾಳು ಅಂತ ಗೊತ್ತಿತ್ತು. ಜಾಸ್ತಿಯಾದರೂ ಕಷ್ಟ ಅಂತ ಗೊತ್ತಿರಲಿಲ್ಲ. ಒಳಗೆ ಗಿರ್ರನೆ ತಿರುಗುವ ಕ್ರ್ಯಾಂಕು ಆ ಆಯಿಲನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತದೆಯಂತೆ. ಒತ್ತಡ ಹೆಚ್ಚಿ ಅದು ಇಂಜಿನ್ ಉಸಿರಾಡುವ ಪೈಪಿನ ಮೂಲಕ ಫಿಲ್ಟರ್ ಡಬ್ಬಕ್ಕೆ ನುಗ್ಗುತ್ತದೆ. ಅಲ್ಲಿಂದ ಗಾಳಿಯ ಜೊತೆ ಇಂಜಿನ್ನಿಗೇ ವಾಪಸ್ಸು. ಸುಟ್ಟರೆ ನೀಲಿ ಹೊಗೆ.

ಸರಿಯಾಗಿ ನೋಡೋದು ಹೇಗೆ ಅಂತಲೂ ಹೇಳಿಕೊಟ್ಟ. ಎರಡು ಮೂರು ನಿಮಿಷ ಇಂಜಿನ್ ಓಡಿಸಬೇಕು. ಆಫ್ ಮಾಡಿ, ಮೇಲಿನ ಆಯಿಲ್ ಕೆಳಗಿಳಿಯಲು ಮತ್ತೆ ಮೂರು ನಿಮಿಷ ಬಿಡಬೇಕು. ಸಮತಟ್ಟು ಜಾಗದಲ್ಲಿ ಬೈಕು ನೆಟ್ಟಗೆ ಹಿಡಿದು ನೋಡಬೇಕು. ಒಂದು ಲೀಟರಿನಲ್ಲೇ ಇಂಜಿನ್ನು, ಗೇರು, ಕ್ಲಚ್ಚು ಮೂರೂ ಸಂಸಾರ ಮಾಡಬೇಕು, ಅದಕ್ಕೇ ಇಷ್ಟು ಕಟ್ಟುನಿಟ್ಟು ಅಂದ. ಭಾವನ ಕಾರಿಗೆ ತಂದ ಆಯಿಲ್ ಮಿಕ್ಕಿದೆ, ಅದನ್ನು ಹಾಕಬಹುದಾ ಅಂತ ಕೇಳಿದೆ. ಕ್ಲಚ್ ಜಾರುತ್ತೆ ಸಾರ್ ಅಂತ ಕೈಮುಗಿದ.

ಹೊರಡುವಾಗ ಇನ್ನೊಂದು ಅನುಮಾನ ಮುಂದಿಟ್ಟೆ. ಆಯಿಲ್ ಮುಚ್ಚಳ ತೆಗೆದಾಗ ಅದರ ಅಡಿಯಲ್ಲಿ ಹಾಲು ಜಾಸ್ತಿಯಾದ ಕಾಫಿಯ ಹಾಗೆ ನೊರೆ ಕಂಡಿತ್ತು. ಕೊಡಗಿನಲ್ಲಿದ್ದೇನೆ ನಿಜ, ಆದರೆ ಇಂಜಿನ್ನಿನಲ್ಲೂ ಕಾಫಿಯೇ? ಅವನು ನಕ್ಕ. ನನ್ನ ಆಫೀಸು ಮನೆಯಿಂದ 2 ಕಿಲೋಮೀಟರ್. ಇಂಜಿನ್ ಬಿಸಿಯಾಗುವ ಮೊದಲೇ ನಾನು ಇಳಿದಿರುತ್ತೇನೆ. ಥಂಡಿಗೆ ಒಳಗೆ ಕೂತ ನೀರಿನ ಪಸೆ ಆರುವುದೇ ಇಲ್ಲ, ಆಯಿಲ್ ಜೊತೆ ಸೇರಿ ನೊರೆಯಾಗುತ್ತದೆ. “ಆವಾಗಾವಾಗ ದೂರ ಓಡಿಸಿ ಸಾರ್” ಅಂದ. ಅದೇ ನೆಪದಲ್ಲಿ ಮೈಸೂರಿಗೆ ಹೋಗಿ ಅಪ್ಪನ ಕೈಲಿ ಬೈಸಿಕೊಂಡು ಬಂದೆ. ಸುಮಾರು 120 ಕಿಲೋಮೀಟರ್ ದಾರಿ. ನೊರೆ ಮಾಯ.

ಉಳಿದದ್ದು ಸಮತಟ್ಟು ಜಾಗದ ಪ್ರಶ್ನೆ. ಮಡಿಕೇರಿಯಲ್ಲಿ ಅದನ್ನು ಹುಡುಕುವುದೂ ಒಂದೇ, ಮದುವೆ ಮನೆಯಲ್ಲಿ ಖಾಲಿ ಕುರ್ಚಿ ಹುಡುಕುವುದೂ ಒಂದೇ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯಿಂದ ರಸಮಟ್ಟ ಇಸ್ಕೊಂಡು ಬಂದು ಇಡೀ ಅಂಗಳ ಅಳೆದೆ. ಎಲ್ಲಿಟ್ಟರೂ ಗುಳ್ಳೆ ಒಂದೇ ಕಡೆ ಓಡುತ್ತಿತ್ತು. ಕೊನೆಗೆ ಒಂದು ಕಡೆ ನಟ್ಟನಡುವೆ ನಿಂತಿತು. ಹೊಸ್ತಿಲ ಮುಂದೆ, ಹೆಂಡತಿ ರಂಗೋಲಿ ಹಾಕುವ ಸಿಮೆಂಟು ನೆಲ.

ಮಾತುಕತೆ ನಡೆಯಿತು. ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಆರಕ್ಕೆ, ರಂಗೋಲಿಗೆ ಮೊದಲು, ಹತ್ತು ನಿಮಿಷ. ಬೈಕಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲದ್ದರಿಂದ ನೆಟ್ಟಗೆ ಹಿಡಿಯುವವಳೂ ಅವಳೇ. ನಾನು ಬಲಗಡೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗುತ್ತೇನೆ. ಹಾಲಿನವನು ಮೊದಲ ಸಲ ನೋಡಿದಾಗ ಸೈಕಲ್ ನಿಲ್ಲಿಸಿ ಓಡಿ ಬಂದಿದ್ದ.

ಮೊದಲ ತಿಂಗಳು ಆಯಿಲ್ ಮೇಲಿನ ಗೀಟಿನ ಹತ್ತಿರ. ಎರಡನೇ ತಿಂಗಳು ನಡುವೆ. ಮೂರನೇ ತಿಂಗಳು ಕೆಳಗಿನ ಗೀಟು. ಸ್ವಲ್ಪ ಆಯಿಲ್ ಯಾವ ಇಂಜಿನ್ನಾದರೂ ಸುಡುತ್ತದೆ. ಇದು ಸ್ವಲ್ಪ ಅಲ್ಲ. ಆದರೆ ಹೊಗೆಯೂ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆ ಒಮ್ಮೆ ಬುಸ್ ಅಂದರೆ ವಾಲ್ವ್ ಸೀಲು ಸವೆದಿದೆ, ಓಡುವಾಗ ಎಳೆದಷ್ಟೂ ಬಂದರೆ ಪಿಸ್ಟನ್ ರಿಂಗು ಸವೆದಿದೆ ಅಂತ ಮೆಕ್ಯಾನಿಕ್ ಹೇಳಿದ್ದ. ಎರಡೂ ಕಾಣಲಿಲ್ಲ. ಅಪ್ಪನ ಮಾತೇ ನಿಜವಾಯಿತೇನೋ, ಇದು ಕದ್ದೇ ಕುಡಿಯುತ್ತಿದೆ. ರಿಂಗ್ ಬದಲಾಯಿಸಲು ಇಂಜಿನ್ ಇಳಿಸಬೇಕು, ಖರ್ಚೆಷ್ಟಾದೀತು ಅಂತ ಮಲಗಿದಲ್ಲೇ ಲೆಕ್ಕ ಹಾಕುತ್ತಿದ್ದೆ.

ಬೈಕನ್ನು ಅಂಗಳದ ಜಲ್ಲಿಯ ಮೇಲೆ ನಿಲ್ಲಿಸಿ ಕೈ ತೊಳೆದು ಬಂದೆ. ಹೆಂಡತಿ ಆಗಲೇ ನೆಲಕ್ಕೆ ನೀರು ಚಿಮುಕಿಸಿ ಏಳು ಚುಕ್ಕಿ ಇಟ್ಟಿದ್ದಳು. ಗೆರೆ ಎಳೆಯಲು ಹೋದವಳು ಬಗ್ಗಿದಲ್ಲೇ ನಿಂತಳು.

“ರೀ, ಬನ್ನಿ ಇಲ್ಲಿ. ಬಿಳಿ ಚುಕ್ಕಿಗಳೆಲ್ಲ ನಂದು. ಈ ಕರೀದು ಯಾರದ್ದು?”

ಬೈಕಿನ ಡ್ರೈನ್ ಬೋಲ್ಟ್ ಇದ್ದ ಜಾಗದ ನೇರ ಕೆಳಗೆ, ಬೇಳೆಯಷ್ಟು ದಪ್ಪ, ಹೊಳೆಯುತ್ತಿತ್ತು.